ಫೋನು ಅಪ್ಪಂದು, ಪಾಠ ಮಗುವಿಗೆ

ಹಳ್ಳಿಯ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ನಿಂತು "ಯಾರ ಮನೇಲಿ ದೊಡ್ಡ ಫೋನ್ ಇದೆ?" ಅಂತ ಕೇಳಿ. ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೇಳುತ್ತವೆ. "ಅದು ಯಾರ ಫೋನು?" ಅಂತ ಕೇಳಿದರೆ ಉತ್ತರಗಳು ಹರಡಿಕೊಳ್ಳುತ್ತವೆ: ಅಪ್ಪಂದು, ಅಣ್ಣಂದು, ಮಾವಂದು, ಅಮ್ಮಂದು ಆದರೆ ರೀಚಾರ್ಜ್ ಮಾಡಿಸೋದು ಅಪ್ಪ. "ನಂದು" ಅನ್ನುವ ಮಗು ಸಿಗುವುದು ಅಪರೂಪ.

ಮಕ್ಕಳ ಆನ್‌ಲೈನ್ ಸುರಕ್ಷತೆಯ ಬಗ್ಗೆ ನಮ್ಮಲ್ಲಿ ಓಡಾಡುವ ಬಹಳಷ್ಟು ಪಾಠಗಳು ಈ ಎರಡನೇ ಉತ್ತರವನ್ನು ಕೇಳಿಸಿಕೊಂಡೇ ಇಲ್ಲ. ನಿನ್ನ ಪ್ರೊಫೈಲನ್ನು ಪ್ರೈವೇಟ್ ಇಟ್ಟುಕೋ, ನಿನ್ನ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡ, ನಿನ್ನ ಸ್ಕ್ರೀನ್ ಟೈಮ್ ನೋಡಿಕೋ ಅನ್ನುತ್ತವೆ. ಮಗುವಿಗೆ ಪ್ರೊಫೈಲೇ ಇಲ್ಲ. ಸಂಜೆ ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆಯಲು ಹೋದಾಗ ಸಿಗುವ ಅರ್ಧ ಗಂಟೆಯ ಫೋನಿದೆ, ಅಷ್ಟೇ. ಆ ಒಂದು ಫೋನಿನೊಳಗೆ ಅಪ್ಪನ ಬ್ಯಾಂಕು, ಅಮ್ಮನ ಸ್ತ್ರೀಶಕ್ತಿ ಸಂಘದ ಗ್ರೂಪು, ಅಣ್ಣನ ಇನ್‌ಸ್ಟಾಗ್ರಾಂ, ಅಜ್ಜಿಯ ಪಿಂಚಣಿಯ ಮೆಸೇಜು, ಗೃಹಲಕ್ಷ್ಮಿಯ 2,000 ರೂಪಾಯಿ ಬಂತೋ ಇಲ್ಲವೋ ಎನ್ನುವ ಕಾತರ ಎಲ್ಲವೂ ಇರುತ್ತವೆ. ಅದೇ ಫೋನಿನಲ್ಲಿ ಮಗು ಆಟವನ್ನೂ ಆಡುತ್ತದೆ.

ಇನ್ನೂ ಒಂದು ಸಂಗತಿ ಇದೆ. ಎಷ್ಟೋ ಮನೆಗಳಲ್ಲಿ ಆ ಫೋನನ್ನು ಓದಬಲ್ಲವರು ಆ ಮಗು ಒಬ್ಬರೇ. "ಏನು ಬಂದಿದೆ ನೋಡು ಮಗಾ" ಅಂತ ಅಜ್ಜಿ ಫೋನು ಚಾಚುತ್ತಾಳೆ, ಒಂಬತ್ತು ವರ್ಷದ ಹುಡುಗಿ ಅಕ್ಷರ ಕೂಡಿಸಿಕೊಂಡು ಓದಿ ಹೇಳುತ್ತಾಳೆ. ಮನೆಯ ಹಣ ಮತ್ತು ಹೊರಗಿನ ಲೋಕದ ನಡುವೆ ಆ ಹುಡುಗಿ ನಿಂತಿದ್ದಾಳೆ. ಅವಳಿಗೆ ಕಲಿಸಬೇಕಾದ್ದು ಹಂಚಿಕೊಂಡ ವಸ್ತುವಿನ ನಡವಳಿಕೆ. ಊರಿನ ನಲ್ಲಿಗೆ, ಶಾಲೆಯ ಗ್ರಂಥಾಲಯದ ಪುಸ್ತಕಕ್ಕೆ ಇರುವಂಥದ್ದೇ ಕಟ್ಟುಪಾಡು ಈ ಫೋನಿಗೂ ಬೇಕು. ಪಾಠ ಅಲ್ಲಿಂದ ಶುರುವಾದರೆ ಮಕ್ಕಳಿಗೆ ಒಂದೇ ಸಲಕ್ಕೆ ಹಿಡಿಸುತ್ತದೆ.

ಮೊದಲ ಪಾಠಕ್ಕೆ ಫೋನೂ ಬೇಡ, ಕಂಪ್ಯೂಟರೂ ಬೇಡ. ಸೀಮೆಸುಣ್ಣ ಸಾಕು. ನೆಲದ ಮೇಲೆ ಫೋನಿನ ಆಕಾರದ ದೊಡ್ಡ ಚೌಕ ಬರೆಯಿರಿ. ಮಕ್ಕಳ ಕೈಗೆ ಚೀಟಿ ಕೊಟ್ಟು, ತಮ್ಮ ಮನೆಯ ಫೋನಿನಲ್ಲಿ ಏನೇನಿದೆ ಎಂದು ಒಂದು ಚೀಟಿಗೆ ಒಂದರಂತೆ ಬರೆಯಲು ಹೇಳಿ: ಕ್ಯಾಮೆರಾ, ಫೋಟೋಗಳು, ಯೂಟ್ಯೂಬ್, ಫೋನ್‌ಪೇ, ವಾಟ್ಸಾಪ್, ಗೇಮು, ಟಾರ್ಚು, ಮೆಸೇಜು. ಮೂರನೇ ತರಗತಿಯ ಮಕ್ಕಳು ಚಿತ್ರ ಬರೆದರೂ ನಡೆಯುತ್ತದೆ. ಚೀಟಿಗಳೆಲ್ಲ ಚೌಕದೊಳಗೆ ಬಿದ್ದ ಮೇಲೆ ಅವನ್ನು ಮೂರು ಗುಂಪು ಮಾಡಿಸಿ: ನಾನೇ ತೆರೆಯಬಹುದಾದ್ದು, ಕೇಳಿ ತೆರೆಯಬೇಕಾದ್ದು, ಮುಟ್ಟಲೇಬಾರದ್ದು. ಟಾರ್ಚು, ಫೋನ್‌ಪೇ ಇವುಗಳಲ್ಲಿ ಜಗಳವಿಲ್ಲ. ಜಗಳ ಏಳುವುದು ಫೋಟೋಗಳ ಚೀಟಿಯಲ್ಲಿ. "ನಮ್ಮ ಫೋಟೋನೇ ತಾನೇ" ಅಂತ ಒಬ್ಬರು, "ಅಕ್ಕನ ಫೋಟೋ ಅಕ್ಕನದು" ಅಂತ ಇನ್ನೊಬ್ಬರು. ಆ ಜಗಳ ನಡೆಯಲಿ, ಪಾಠ ಇರುವುದೇ ಅದರಲ್ಲಿ. ಶಿಕ್ಷಕರು ಮೊದಲೇ ಉತ್ತರ ಅಚ್ಚು ಹಾಕಿಸಿಕೊಂಡು ಬಂದರೆ ಮಕ್ಕಳು ಆ ಉತ್ತರವನ್ನು ಬಾಯಿಪಾಠ ಮಾಡಿ ಮರುದಿನ ಮರೆಯುತ್ತಾರೆ. ಮೂರರಲ್ಲಿ ಯಾವ ಗುಂಪಿಗೂ ಸೇರಿಸಲಾಗದೆ ಉಳಿದ ಚೀಟಿಗಳನ್ನು ಮಕ್ಕಳು ಮನೆಗೆ ಒಯ್ದು ಕೇಳಿಕೊಂಡು ಬರಲಿ.

ಲಾಕಿನ ಪಾಠವನ್ನು ಗಣಿತದ ಅವಧಿಯಲ್ಲೇ ಮಾಡಬಹುದು. ನಾಲ್ಕು ಅಂಕಿಯ ಪಿನ್‌ನಲ್ಲಿ ಎಷ್ಟು ಬಗೆ? 0000ಯಿಂದ 9999ರವರೆಗೆ 10,000. ಆರು ಅಂಕಿ ಆದರೆ 10,00,000. ಸ್ಥಾನಬೆಲೆ ಕಲಿತ ಐದನೇ ತರಗತಿಯ ಮಗುವಿಗೆ ಇದು ತಾನಾಗಿ ಹೊಳೆಯುತ್ತದೆ. ಆಮೇಲೆ ಕೇಳಿ: ಅಪ್ಪ ಮನೆಯವರಲ್ಲೊಬ್ಬರು ಹುಟ್ಟಿದ ಇಸವಿಯನ್ನೇ ಪಿನ್ ಮಾಡಿಕೊಂಡಿದ್ದರೆ? 1950ರಿಂದ 2025ರವರೆಗೆ ಎಣಿಸಿದರೆ ಬರೀ 76. ಹತ್ತು ಸಾವಿರದಿಂದ ಎಪ್ಪತ್ತಾರಕ್ಕೆ ಇಳಿದದ್ದನ್ನು ಕಂಡಾಗ ಮಕ್ಕಳು ಮನೆಗೆ ಹೋಗಿ ಅಪ್ಪನಿಗೆ ಪಾಠ ಹೇಳದೆ ಬಿಡುವುದಿಲ್ಲ. ಒಂಬತ್ತು ಚುಕ್ಕಿಯ ಪ್ಯಾಟರ್ನ್ ಲಾಕಿನಲ್ಲಿ ಲೆಕ್ಕಕ್ಕೆ 3,89,112 ಬಗೆಗಳಿವೆ, ಸಂಖ್ಯೆ ದೊಡ್ಡದೇ. ಆದರೆ ಅದರ ಕೊರತೆ ಬೇರೆ ಕಡೆ ಇದೆ. ಚಕ್ಕುಲಿ ತಿಂದ ಕೈಯಲ್ಲಿ ಎರಡು ಸಲ ಲಾಕ್ ತೆಗೆದು, ಪರದೆ ಆರಿದ ಮೇಲೆ ಕಿಟಕಿಯ ಬೆಳಕಿಗೆ ಫೋನನ್ನು ಓರೆಯಾಗಿ ಹಿಡಿಯಿರಿ. ಎಣ್ಣೆಯ ಗೆರೆ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂದು ಇಡೀ ತರಗತಿ ಓದಬಹುದು. ಶಿಕ್ಷಕರ ಫೋನಿನಲ್ಲಿ ಪಾಠಕ್ಕೆಂದೇ ಒಂದು ಸುಳ್ಳು ಪ್ಯಾಟರ್ನ್ ಇಟ್ಟು ಇದನ್ನು ತೋರಿಸಿ, ಆಮೇಲೆ ತಪ್ಪದೆ ಬದಲಾಯಿಸಿಕೊಳ್ಳಿ. ಮಕ್ಕಳು ಅಳಿಸಿಹೋಗದಂತೆ ನೆನಪಿಟ್ಟುಕೊಂಡಿರುತ್ತಾರೆ.

ಹಣದ ಪಾಠ ಇದಕ್ಕಿಂತ ಸೂಕ್ಷ್ಮ. ಒಂದು ನಿಯಮ ಎಲ್ಲಕ್ಕಿಂತ ಮುಖ್ಯ: ಯುಪಿಐ ಪಿನ್ ಹೊಡೆಯುವುದು ನಮ್ಮ ಖಾತೆಯಿಂದ ದುಡ್ಡು ಕೊಡುವುದಕ್ಕೆ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ನೋಡುವುದಕ್ಕೆ. ದುಡ್ಡು ಬರಬೇಕಾದರೆ ಪಿನ್ ಬೇಡ. "ನಿಮಗೆ ಬಹುಮಾನ ಬಂದಿದೆ, ಪಿನ್ ಹಾಕಿ ತೆಗೆದುಕೊಳ್ಳಿ" ಎಂದು ಯಾರೇ ಹೇಳಲಿ, ಅದು ಕಸಿಯುವ ಮಾತು. ಎರಡು ಇಂಗ್ಲಿಷ್ ಪದಗಳನ್ನು ಐದನೇ ತರಗತಿಯ ಮಕ್ಕಳಿಗೆ ಚಿತ್ರದಂತೆ ಗುರುತಿಸಲು ಕಲಿಸಬೇಕು: ಕ್ರೆಡಿಟೆಡ್, ಡೆಬಿಟೆಡ್. ಸಿ ಅಕ್ಷರದ್ದು ಬಂದದ್ದು, ಡಿ ಅಕ್ಷರದ್ದು ಹೋದದ್ದು. ಅಮ್ಮನಿಗೆ ಮೆಸೇಜು ಓದಿ ಹೇಳುವ ಮಗು ಈ ಎರಡನ್ನು ತಿರುವುಮುರುವು ಮಾಡಿದರೆ ಮನೆಯಲ್ಲಿ ಆಗುವ ಗಾಬರಿ ಸಣ್ಣದಲ್ಲ.

ಓಟಿಪಿಯ ವಿಚಾರಕ್ಕೆ ಬಂದರೆ "ಯಾರಿಗೂ ಹೇಳಬೇಡ" ಎನ್ನುವ ಒಂದೇ ಸಾಲಿನ ಪಾಠ ಮನೆಯ ಬಾಗಿಲಲ್ಲೇ ಮುರಿದು ಬೀಳುತ್ತದೆ. ಗ್ಯಾಸ್ ಸಿಲಿಂಡರ್ ತಂದವರು ನಿಜವಾಗಿಯೂ ಒಂದು ಸಂಖ್ಯೆ ಕೇಳುತ್ತಾರೆ, ಅಮ್ಮ ಹೇಳುತ್ತಾಳೆ. ಶಾಲೆಯಲ್ಲಿ ಹೇಳಿದ್ದು ಒಂದು, ಮನೆಯಲ್ಲಿ ನಡೆದದ್ದು ಇನ್ನೊಂದು. ಮಗು ಶಾಲೆಯ ಮಾತನ್ನು ಬದಿಗಿಡುತ್ತದೆ. ಆದ್ದರಿಂದ ಮಗುವಿಗೆ ಹೇಳಬೇಕಾದ್ದು ಹೀಗೆ: ಮೆಸೇಜಿನ ಅಂಕಿಯನ್ನು ನೀನು ಜೋರಾಗಿ ಓದಬೇಡ, ಫೋನು ಯಾರದೋ ಅವರ ಕೈಗೇ ಕೊಡು. ಅಂಕಿಗಿಂತ ಮೊದಲು ಮೆಸೇಜು ಪೂರ್ತಿ ಓದು. ಸಂಖ್ಯೆ ಯಾವುದಕ್ಕೆ, ಎಷ್ಟು ರೂಪಾಯಿಗೆ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ವಸ್ತು ಎದುರಿಗಿದ್ದಾಗ, ದೊಡ್ಡವರು ಬಾಗಿಲಲ್ಲಿ ನಿಂತು ಸಂಖ್ಯೆ ಹೇಳುವುದು ಬೇರೆ. ಫೋನಿನಲ್ಲಿ ಮಾತಾಡುತ್ತಿರುವವರಿಗೆ ಸಂಖ್ಯೆ ಹೇಳುವುದು ಬೇರೆ, ಅದಂತೂ ಕೂಡದು. ಇದನ್ನು ಆಟವಾಗಿ ಆಡಿಸಿ. ಒಬ್ಬಳು ಅಜ್ಜಿ, ಒಬ್ಬ ಬ್ಯಾಂಕಿನವನೆಂದು ಹೇಳಿಕೊಳ್ಳುವವ, ಒಬ್ಬ ಸಿಲಿಂಡರ್ ತಂದವ, ಒಬ್ಬಳು ಮೆಸೇಜು ಓದುವ ಮೊಮ್ಮಗಳು. ಬ್ಯಾಂಕಿನವನ ಪಾತ್ರದವ ಆತುರ ಮಾಡಬೇಕು: "ಬೇಗ ಹೇಳಮ್ಮ, ಇಲ್ಲಾಂದ್ರೆ ಖಾತೆ ಬಂದ್ ಆಗುತ್ತೆ." ಆತುರ ಮಾಡಿಸುವವರ ಮೇಲೆ ಅನುಮಾನ ಬರುವಂತಾದರೆ ಅರ್ಧ ಪಾಠ ಮುಗಿದಂತೆ.

ಮನೆಯವರು ಮಾಡಬೇಕಾದ ಒಂದು ಕೆಲಸವಿದೆ, ಪೋಷಕರ ಸಭೆಯಲ್ಲಿ ಐದು ನಿಮಿಷದಲ್ಲಿ ತೋರಿಸಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್ ಪಿನ್ನಿಂಗ್ ಅಥವಾ ಸ್ಕ್ರೀನ್ ಪಿನ್ನಿಂಗ್ ಎಂಬ ಸೌಲಭ್ಯವಿದೆ. ಸೆಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಸಿಗುತ್ತದೆ. ಕಂಪನಿಗೊಂದು ಜಾಗ ಇರುವುದರಿಂದ ಸೆಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ "ಪಿನ್" ಎಂದು ಹುಡುಕುವುದೇ ಸುಲಭ. ಅದನ್ನು ಆನ್ ಮಾಡಿ, ಮಗುವಿಗೆ ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಬಂದು, ಆ ಆ್ಯಪಿನ ಚಿತ್ರದ ಮೇಲೆ ಒತ್ತಿ "ಪಿನ್" ಆರಿಸಿದರೆ ಫೋನು ಆ ಆ್ಯಪಿಗಷ್ಟೇ ಕಟ್ಟಿಬೀಳುತ್ತದೆ. ಮಗು ಕಥೆಯ ವಿಡಿಯೊದಿಂದ ಬ್ಯಾಂಕಿನ ಆ್ಯಪಿಗೆ ಜಾರುವುದಿಲ್ಲ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. "ಬಿಡಿಸುವ ಮುನ್ನ ಪಿನ್ ಕೇಳು" ಎಂಬ ಆಯ್ಕೆಯನ್ನು ಆನ್ ಮಾಡಿರುವುದಿಲ್ಲ. ಆಗ ಮಗು ಒಂದೆರಡು ದಿನದಲ್ಲಿ ಬಿಡಿಸುವ ಬಗೆ ಕಂಡುಕೊಳ್ಳುತ್ತದೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಒಳ್ಳೆಯದೇ, ಆದರೆ ಅದು ಮಗುವಿಗೆ ಪ್ರತ್ಯೇಕ ಫೋನು, ಪ್ರತ್ಯೇಕ ಖಾತೆ ಇದ್ದಾಗ ಒಗ್ಗುವ ವ್ಯವಸ್ಥೆ. ಒಂದೇ ಫೋನಿನ ಮನೆಗೆ ಪಿನ್ನಿಂಗೇ ಸರಿ. ಜೊತೆಗೆ ಯೂಟ್ಯೂಬ್ ಸೆಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ, ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿಕೊಳ್ಳಿ. ಅದು ಎಲ್ಲವನ್ನೂ ತಡೆಯುವ ಬೇಲಿಯೇನಲ್ಲ, ಆದರೂ ಇರಲಿ.

ಶಾಲೆಯ ಕಂಪ್ಯೂಟರೂ ಹಂಚಿಕೊಂಡ ವಸ್ತುವೇ. 24 ಮಕ್ಕಳಿಗೆ ಕೆಲಸ ಮಾಡುವ ಎರಡು ಕಂಪ್ಯೂಟರ್ ಇವೆ, 40 ನಿಮಿಷದ ಒಂದು ಅವಧಿ ಇದೆ ಎಂದಿಟ್ಟುಕೊಳ್ಳಿ. ನಾಲ್ಕು ಮಕ್ಕಳ ಆರು ಗುಂಪು. 12 ನಿಮಿಷದ ಮೂರು ಸರದಿಯಲ್ಲಿ ಆರೂ ಗುಂಪುಗಳು ಕಂಪ್ಯೂಟರ್ ಮುಂದೆ ಕೂತು ಬರುತ್ತವೆ, ಎದ್ದು ಕೂರಲು ನಾಲ್ಕು ನಿಮಿಷ ಉಳಿಯುತ್ತದೆ. ಒಂದೊಂದು ಮಗುವಿಗೂ ಮೌಸ್ ಸಿಗುವುದು ಮೂರೇ ನಿಮಿಷ. ಆ ಮೂರು ನಿಮಿಷವನ್ನು ಚುರುಕಾದ ಒಬ್ಬ ಹುಡುಗ ನುಂಗಿಬಿಡುತ್ತಾನೆ. ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಇದಕ್ಕೆ ಪಾತ್ರ ಹಂಚುವುದೇ ಮದ್ದು: ಒಬ್ಬರು ಕೈ, ಒಬ್ಬರು ಕಣ್ಣು, ಒಬ್ಬರು ಬಾಯಿ, ಒಬ್ಬರು ಗಡಿಯಾರ. ಕಣ್ಣು ಪರದೆ ಓದುತ್ತದೆ, ಬಾಯಿ ಏನು ಮಾಡಬೇಕೆಂದು ಹೇಳುತ್ತದೆ, ಕೈ ಅಷ್ಟನ್ನೇ ಮಾಡುತ್ತದೆ, ಗಡಿಯಾರ ಮೂರು ನಿಮಿಷಕ್ಕೆ ಪಾತ್ರ ಬದಲಿಸುತ್ತದೆ. ಬಾಯಿ ಮೌಸ್ ಮುಟ್ಟುವಂತಿಲ್ಲ. ಗೊತ್ತಿರುವ ಮಗು ಬಾಯಿಯಾದಾಗ ಗೊತ್ತಿರುವುದನ್ನು ಮಾತಿನಲ್ಲಿ ಹೇಳಲೇಬೇಕಾಗುತ್ತದೆ. "ಅಲ್ಲಿ, ಅಲ್ಲಿ" ಎಂದರೆ ಕೆಲಸ ನಡೆಯುವುದಿಲ್ಲ, "ಮೇಲಿನ ಎಡ ಮೂಲೆ" ಎನ್ನಬೇಕು. ಉಳಿದ ಗುಂಪುಗಳು ಹೊರಗೆ ಕುಂಟೆಬಿಲ್ಲೆಯ ಮನೆಗಳ ಮೇಲೆ ಇದನ್ನೇ ಆಡುತ್ತಿರಲಿ: ಒಬ್ಬ ಕಣ್ಣು ಕಟ್ಟಿಕೊಂಡವ, ಇನ್ನೊಬ್ಬ "ಎರಡು ಹೆಜ್ಜೆ ಮುಂದೆ, ಬಲಕ್ಕೆ ತಿರುಗು" ಎಂದು ನಡೆಸುವವ. ಕಂಪ್ಯೂಟರ್‌ಗೆ ಆಜ್ಞೆ ಕೊಡುವುದು ಎಂದರೆ ಇದೇ.

ಫೋನು ಬಳಸಿ ಪಳಗಿದ ಮಗು ಮೊದಲ ದಿನ ಮಾನಿಟರಿನ ಗಾಜನ್ನು ಬೆರಳಿಂದ ಉಜ್ಜುತ್ತದೆ. ಅದಕ್ಕೆ ನಗಬೇಡಿ. ಮೌಸ್ ಮೇಜಿನ ಅಂಚಿಗೆ ಬಂದಾಗ ಎತ್ತಿ ಮತ್ತೆ ಒಳಗೆ ಇಡಬಹುದು ಎಂಬುದು ಮಕ್ಕಳಿಗೆ ಹೊಳೆಯುವುದಿಲ್ಲ, ಒಮ್ಮೆ ತೋರಿಸಬೇಕು. ನುಣುಪಾದ ಗಾಜಿನ ಮೇಜಿನ ಮೇಲೆ ಮೌಸ್ ಓಡದಿದ್ದರೆ ಅಡಿಗೆ ಹಳೆಯ ನೋಟ್‌ಬುಕ್ಕಿನ ರಟ್ಟು ಇಟ್ಟರೆ ಸಾಕು. ಸಣ್ಣ ಮಕ್ಕಳಿಗೆ ಡಬಲ್ ಕ್ಲಿಕ್ ಆಗದಿದ್ದರೆ ತಪ್ಪು ಅವರ ಬೆರಳಿನದಲ್ಲ. ಮೌಸ್ ಸೆಟಿಂಗ್ಸ್‌ನಲ್ಲಿ ಡಬಲ್ ಕ್ಲಿಕ್ ವೇಗವನ್ನು ನಿಧಾನಕ್ಕೆ ಎಳೆಯಿರಿ. ಒಂದರಿಂದ ಮೂರನೇ ತರಗತಿಗೆ ಚಿತ್ರ ಬರೆಯುವ ತಂತ್ರಾಂಶ ಟಕ್ಸ್ ಪೇಂಟ್ ಬಹಳ ಒಳ್ಳೆಯದು: ಉಚಿತ, ಇಂಟರ್ನೆಟ್ ಬೇಡ, ಸೇವ್ ಮಾಡುವಾಗ ಹೆಸರನ್ನೂ ಕೇಳುವುದಿಲ್ಲ. ಮೌಸ್ ಮತ್ತು ಕೀಬೋರ್ಡ್ ರೂಢಿಗೆ ಜಿಕಾಂಪ್ರಿ ಎಂಬ ಆಟಗಳ ತಂತ್ರಾಂಶ ಇದೆ, ಅದೂ ಉಚಿತ.

ನಾಲ್ಕನೇ ತರಗತಿಯಿಂದ ಕನ್ನಡ ಟೈಪಿಂಗ್. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿ ಕೈಗೆ ಹತ್ತುವ ಮೊದಲೇ ಇದನ್ನು ಕಲಿಸಬೇಕು. ಕೆ.ಪಿ. ರಾವ್ ರೂಪಿಸಿದ, ಕಗಪ ಎಂದು ಎಲ್ಲರೂ ಕರೆಯುವ ಕೀಬೋರ್ಡ್ ವಿನ್ಯಾಸ ಪ್ರಾಥಮಿಕ ಶಾಲೆಗೆ ಹೇಳಿಮಾಡಿಸಿದಂತಿದೆ, ಏಕೆಂದರೆ ಅದು ಕಾಗುಣಿತದ ದಾರಿಯಲ್ಲೇ ನಡೆಯುತ್ತದೆ. ನುಡಿ ತಂತ್ರಾಂಶದಲ್ಲಿ ಅದಿದೆ. ಉಬುಂಟು ಹಾಕಿದ ಕಂಪ್ಯೂಟರಿನಲ್ಲಿ ಸೆಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್ ದಾರಿಯಲ್ಲಿ ಕಗಪ ಸೇರಿಸಿಕೊಳ್ಳಬಹುದು. ಒತ್ತಕ್ಷರದ ಗುಟ್ಟು ಎಫ್ ಕೀಲಿಯಲ್ಲಿದೆ, ಅದು ಸ್ವರವನ್ನು ಕಳಚುತ್ತದೆ. ಅಮ್ಮ ಎಂದರೆ ಎ, ಎಂ, ಎಫ್, ಎಂ. ಕನ್ನಡ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಒತ್ತಿದಾಗ ಪರದೆಯ ಮೇಲೆ ನ ಹೋಗಿ ನ್ ಆಗುವುದನ್ನು, ಮತ್ತೊಂದು ನ ಬಂದು ಅದಕ್ಕೆ ಒತ್ತಾಗಿ ಕೆಳಗಿಳಿಯುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಮೂರು ವರ್ಷ ಕಾಪಿ ಬರೆದರೂ ಸ್ಪಷ್ಟವಾಗದ ಸಂಗತಿ ಆ ಒಂದು ಕ್ಷಣದಲ್ಲಿ ಬಿಡಿಸಿಕೊಳ್ಳುತ್ತದೆ.

ಎಡವುವ ಜಾಗ ಅರ್ಕಾವತ್ತು. ಸೂರ್ಯ ಎಂದು ಬರೆಯುವಾಗ ಮಗುವಿನ ಕೈ ಮೊದಲು ಯ ಬರೆದು ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಎಳೆಯುತ್ತದೆ. ಕೀಬೋರ್ಡಿನಲ್ಲೂ ಹಾಗೇ ಮೊದಲು ಯ, ನಡುವೆ ಎಫ್, ಆಮೇಲೆ ರ ಒತ್ತುತ್ತದೆ. ಪರದೆಯಲ್ಲಿ ಸೂಯ್ರ ಎಂದು ಬರುತ್ತದೆ. ಮಗು ಅಳಿಸುತ್ತದೆ, ಮತ್ತೆ ಅದೇ ಕ್ರಮದಲ್ಲಿ ಒತ್ತುತ್ತದೆ, ಮತ್ತೆ ಸೂಯ್ರ. ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತದೆ. ಆಗ ಪದವನ್ನು ಜೋರಾಗಿ, ನಿಧಾನವಾಗಿ ಹೇಳಿಸಿ: ಸೂ, ರ್, ಯ. ಬಾಯಿಯಲ್ಲಿ ಮೊದಲು ಬಂದದ್ದು ರ್. ಕೀಲಿಯೂ ಅದೇ ಕ್ರಮ: ಎಸ್, ಶಿಫ್ಟ್ ಹಿಡಿದು ಯು, ಆರ್, ಎಫ್, ವೈ. ಕೀಬೋರ್ಡ್ ಕೈಬರಹವನ್ನು ಹಿಂಬಾಲಿಸುವುದಿಲ್ಲ, ಉಚ್ಚಾರಣೆಯನ್ನು ಹಿಂಬಾಲಿಸುತ್ತದೆ ಎಂದು ಗೊತ್ತಾದ ಮೇಲೆ ಕಾರ್ಯ, ಧೈರ್ಯ, ವರ್ಷ, ಮಾರ್ಗ ಎಲ್ಲವೂ ಸರಾಗ. ಕನ್ನಡದ ಮೇಷ್ಟ್ರು, ಕಂಪ್ಯೂಟರ್ ಮೇಷ್ಟ್ರು ಎಂದು ಬೇರೆ ಬೇರೆ ಇರಬೇಕಿಲ್ಲ ಎನ್ನುವುದಕ್ಕೆ ಇದೊಂದೇ ಪದ ಸಾಕು.

ಫೋಲ್ಡರ್ ಎಂಬುದು ಫೋನಿನ ಮಕ್ಕಳಿಗೆ ಅಪರಿಚಿತ. ಫೋನಿನಲ್ಲಿ ಎಲ್ಲವೂ ತಾನಾಗಿ ಎಲ್ಲೋ ಹೋಗಿ ಕೂರುತ್ತದೆ. ಅಡುಗೆಮನೆಯ ಒಗ್ಗರಣೆ ಡಬ್ಬಿ ತೋರಿಸಿ: ದೊಡ್ಡ ಡಬ್ಬಿಯೊಳಗೆ ಸಣ್ಣ ಬಟ್ಟಲು, ಬಟ್ಟಲಲ್ಲಿ ಸಾಸಿವೆ. ತರಗತಿಯ ಫೋಲ್ಡರಿನೊಳಗೆ ಗುಂಪಿನ ಫೋಲ್ಡರು, ಅದರಲ್ಲಿ ಫೈಲು. ಫೈಲಿಗೆ ಮಗುವಿನ ಹೆಸರು, ವಿಷಯ, ತಾರೀಖು. ಬೇರೆ ಗುಂಪಿನ ಫೋಲ್ಡರ್ ತೆರೆಯಬಾರದು, ತೆರೆದರೂ ಅಳಿಸಬಾರದು. ಇನ್ನೊಬ್ಬರ ಚಿತ್ರ ಅಳಿಸಿ ತನ್ನದಕ್ಕೆ ಜಾಗ ಮಾಡಿಕೊಂಡ ಮಗು ವರ್ಷಕ್ಕೊಮ್ಮೆಯಾದರೂ ಸಿಗುತ್ತದೆ. ಕಳೆದುಕೊಂಡ ಮಗುವಿನ ಅಳುವನ್ನು ಇಡೀ ತರಗತಿ ಅಂದು ನೋಡುತ್ತದೆ. ಆನ್‌ಲೈನ್ ನಡವಳಿಕೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ. ಬೈಯುವುದರಲ್ಲಿ ಆ ದಿನವನ್ನು ಕಳೆಯಬೇಡಿ. ರೀಸೈಕಲ್ ಬಿನ್ ತೆರೆದು ಚಿತ್ರವನ್ನು ವಾಪಸ್ ತರುವುದನ್ನು ಅಳಿಸಿದ ಮಗುವಿನ ಕೈಯಲ್ಲೇ ಮಾಡಿಸಿ.

ಕ್ಯೂಆರ್ ಕೋಡ್ ಮಕ್ಕಳಿಗೆ ಮೊದಲು ಕಾಣುವುದು ಪಠ್ಯಪುಸ್ತಕದಲ್ಲಿ, ದೀಕ್ಷಾ ಆ್ಯಪಿಗೆಂದು ಅಚ್ಚಾದದ್ದು. ಕ್ಯಾಮೆರಾ ಸರಿಯಿಲ್ಲದ ಫೋನಿದ್ದರೆ ಅದರ ಕೆಳಗಿರುವ ಆರು ಅಕ್ಷರದ ಸಂಕೇತವನ್ನು ಟೈಪ್ ಮಾಡಿದರೂ ಪಾಠ ತೆರೆಯುತ್ತದೆ. ಎಷ್ಟೋ ಮಂದಿ ಅದನ್ನು ಗಮನಿಸಿರುವುದಿಲ್ಲ. ಮಕ್ಕಳಿಗೆ ತಿಳಿಸಬೇಕಾದ್ದು, ಕ್ಯೂಆರ್ ಎಂದರೆ ಕಣ್ಣಿಗೆ ಓದಲಾಗದ ವಿಳಾಸ. ಪುಸ್ತಕದ್ದೂ ಅಂಗಡಿಯದ್ದೂ ಕಂಬಕ್ಕೆ ಅಂಟಿಸಿದ್ದೂ ನೋಡಲು ಒಂದೇ ಥರ. ಸ್ಕ್ಯಾನ್ ಮಾಡಿದ ಮೇಲೆ ಯಾವ ಹೆಸರು ಬಂತು ಎಂದು ಓದದೆ ಮುಂದೆ ಒತ್ತಬಾರದು.

ಈಗ ದೊಡ್ಡವರ ಸರದಿ. ಬಿಸಿಯೂಟದ ಫೋಟೋ, ಬಹುಮಾನದ ಫೋಟೋ, ಶೂ ವಿತರಣೆಯ ಫೋಟೋ ಎಂದು ಮಕ್ಕಳ ಮುಖಗಳು ದಿನಾ ಒಂದಲ್ಲ ಒಂದು ಗ್ರೂಪಿಗೆ ಹೋಗುತ್ತವೆ. ಹೆಸರು, ತರಗತಿ, ಊರು ಸಮೇತ. ಮಗುವನ್ನು ಕೇಳಿದವರು ಯಾರು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಗು ಎಂದೇ ಎಣಿಸಿ, ಅವರ ಮಾಹಿತಿ ಬಳಸುವ ಮುನ್ನ ತಂದೆತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ. ಕಾನೂನು ಪಕ್ಕಕ್ಕಿರಲಿ, "ಫೋಟೋ ತೆಗೀಲಾ?" ಎಂದು ಶಿಕ್ಷಕರು ಮೊದಲು ಕೇಳಿ, ಬೇಡ ಎಂದ ಮಗುವನ್ನು ನಿಜಕ್ಕೂ ಬಿಟ್ಟರೆ, ಒಪ್ಪಿಗೆ ಎಂದರೇನು ಎಂದು ಬೇರೆ ಪಾಠ ಮಾಡಬೇಕಿಲ್ಲ. ಕೇಳದೆ ಕ್ಲಿಕ್ಕಿಸುವ ಕೈಯೇ ಮರುದಿನ ಕಪ್ಪುಹಲಗೆಯ ಮೇಲೆ "ಅನುಮತಿ ಇಲ್ಲದೆ ಫೋಟೋ ತೆಗೆಯಬಾರದು" ಎಂದು ಬರೆದರೆ ಮಕ್ಕಳು ಯಾವುದನ್ನು ನಂಬುತ್ತಾರೆ?

ಆರು ಏಳನೇ ತರಗತಿಗೆ ಒಂದು ಪತ್ತೇದಾರಿ ಆಟ ಮಾಡಿಸಬಹುದು. ಶಿಕ್ಷಕರು ತಮ್ಮದೇ ಒಂದು ಫೋಟೋ ತೋರಿಸಿ, ಇದನ್ನು ನೋಡಿದ ಅಪರಿಚಿತರಿಗೆ ಏನೇನು ಗೊತ್ತಾಗುತ್ತದೆ ಎಂದು ಕೇಳುವುದು. ಹಿಂದೆ ಬೈಕಿನ ನಂಬರ್ ಪ್ಲೇಟು, ಅಂಗಡಿಯ ಬೋರ್ಡಿನಲ್ಲಿ ಊರಿನ ಹೆಸರು, ಕೊರಳಲ್ಲಿ ಗುರುತಿನ ಚೀಟಿ, ಗೋಡೆಯ ಗಡಿಯಾರದಲ್ಲಿ ಹೊತ್ತು. ಮಕ್ಕಳ ಕಣ್ಣು ದೊಡ್ಡವರ ಕಣ್ಣಿಗಿಂತ ಚುರುಕು, ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ.

ಫಾರ್ವರ್ಡ್ ವಿಚಾರದಲ್ಲಿ ಕರ್ನಾಟಕಕ್ಕೆ ಮರೆಯಲಾಗದ ಗಾಯವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟ ಕಾರಣಕ್ಕೆ ಕೆಲವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿಸಿ, ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಸತ್ತ. ಆ ವರ್ಷ ದೇಶದಲ್ಲಿ ಊರೂರು ಸುತ್ತಿದ ಮಕ್ಕಳ ಕಳ್ಳರ ವಿಡಿಯೊಗಳಲ್ಲೊಂದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತೆಗೆದದ್ದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಮರುಕ್ಷಣ ವಾಪಸ್ ಬಂದು ಮಗುವನ್ನು ಇಳಿಸಿ ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದ್ದರು. ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದ, ಎರಡು ಬಾಣದ ಗುರುತಿರುವ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು.

ಸಣ್ಣ ಮಕ್ಕಳಿಗೆ ಸಾವಿನ ಕಥೆ ಹೇಳುವುದು ಬೇಡ. ಕತ್ತರಿಯ ಕಥೆ ಹೇಳಿ. ನಾಲ್ಕು ಚಿತ್ರದ ಪಟ್ಟಿ ಮಾಡಿ. ಒಬ್ಬ ಹುಡುಗ ಇನ್ನೊಬ್ಬನ ಚೀಲ ಕಿತ್ತುಕೊಳ್ಳುತ್ತಾನೆ, ಓಡುತ್ತಾನೆ, ಚೀಲ ತೆರೆಯುತ್ತಾನೆ, ಒಳಗಿಂದ ಚೇಳನ್ನು ಕೊಡವಿ ಹಾಕುತ್ತಾನೆ. ನಾಲ್ಕನೆಯದನ್ನು ಮಡಚಿ ಮೂರನ್ನೇ ತೋರಿಸಿ, ಈ ಹುಡುಗ ಎಂಥವನು ಎಂದು ಬರೆಯಿಸಿ. ಕಳ್ಳ ಎಂದೇ ಬರೆಯುತ್ತಾರೆ. ಆಮೇಲೆ ಮಡಿಕೆ ಬಿಚ್ಚಿ. ತರಗತಿಯಲ್ಲಿ ಒಂದು ಕ್ಷಣ ಸದ್ದೇ ಇರುವುದಿಲ್ಲ. ಮುಂದೆ ಎರಡು ಬಾಣದ ಸಂದೇಶ ಕಂಡಾಗ "ಇದರ ನಾಲ್ಕನೇ ಚಿತ್ರ ಎಲ್ಲಿ?" ಎಂದು ಕೇಳುವುದನ್ನು ಮಕ್ಕಳೇ ರೂಢಿ ಮಾಡಿಕೊಳ್ಳುತ್ತಾರೆ.

ಇಷ್ಟೆಲ್ಲ ಕಲಿಸಿದರೂ ತಪ್ಪು ಆಗುತ್ತದೆ. ಮಗು ಯಾವುದೋ ಲಿಂಕ್ ಒತ್ತುತ್ತದೆ, ಯಾರಿಗೋ ಸಂಖ್ಯೆ ಓದಿ ಹೇಳುತ್ತದೆ, ನೋಡಬಾರದ ವಿಡಿಯೊ ಎದುರಿಗೆ ಬರುತ್ತದೆ. ಆಮೇಲಿನ ಮೊದಲ ಹತ್ತು ನಿಮಿಷದಲ್ಲಿ ಮಗು ಬಾಯಿಬಿಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಬೇಗ ದಾಟುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಬೇಗ ದೂರು ಕೊಟ್ಟರೆ ದಾರಿಯಲ್ಲೇ ತಡೆಹಿಡಿಯುವ ಅವಕಾಶವಿದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವೇ ಗುಟ್ಟಿನ ಸಂಖ್ಯೆ ಹೇಳಿ ಮೋಸಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು, ತಿಳಿಸುವ ಮೊದಲಿನದು ಗ್ರಾಹಕರದು. ಹಾಗಾಗಿ ಮಗು ಹೆದರಿ ರಾತ್ರಿಯೆಲ್ಲ ಸುಮ್ಮನಿದ್ದರೆ ಆ ರಾತ್ರಿಯ ನಷ್ಟ ಮನೆಯದು. ದೂರು ಕೊಡುವಾಗ ಬೇಕಾದ್ದು ಹೊತ್ತು, ಮೊತ್ತ, ವಹಿವಾಟಿನ ಸಂಖ್ಯೆ, ಮೆಸೇಜಿನ ಸ್ಕ್ರೀನ್‌ಶಾಟ್. ಮೆಸೇಜು ಅಳಿಸಬಾರದು. ಹೆದರಿದ ಮಗು ಮೊದಲು ಮಾಡುವುದೇ ಅಳಿಸುವುದು, ಇದನ್ನು ಒತ್ತಿ ಹೇಳಬೇಕು. ಯಾರಾದರೂ ಮಗುವನ್ನು ಹೆದರಿಸುತ್ತಿದ್ದರೆ, ಕೆಟ್ಟ ಫೋಟೋ ಕೇಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡೂ ಸಂಖ್ಯೆಗಳು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಯ ಗೋಡೆಯಿಂದಲೇ ಮಕ್ಕಳಿಗೆ ಕಾಣುತ್ತಿರಬೇಕು.

ಮಗು ಹೇಳದಿರಲು ಎರಡೇ ಕಾರಣ: ಏಟು ಬೀಳುತ್ತದೆ, ಫೋನು ಕಿತ್ತುಕೊಳ್ಳುತ್ತಾರೆ. ಪೋಷಕರ ಸಭೆಯಲ್ಲಿ ಬೇರೆಲ್ಲ ಬಿಟ್ಟರೂ ಈ ಒಂದು ಮಾತಿಗೆ ಅವರಿಂದ ಒಪ್ಪಿಗೆ ಪಡೆಯಲೇಬೇಕು: ತಾನಾಗಿ ಬಂದು ಹೇಳಿದ ಮಗುವಿಗೆ ಅಂದು ಏಟಿಲ್ಲ, ಫೋನೂ ಬಂದ್ ಇಲ್ಲ. ಅಪ್ಪಂದಿರು ಒಪ್ಪುವುದು ಕಷ್ಟ. "ಭಯ ಇರಬೇಕು ಮೇಡಂ" ಎನ್ನುತ್ತಾರೆ. ಹಣದ ಲೆಕ್ಕ ಬಿಡಿಸಿ ಹೇಳಿದಾಗ ಸ್ವಲ್ಪ ಸಡಿಲವಾಗುತ್ತಾರೆ.

ಈ ಒಪ್ಪಂದವನ್ನು ಮಕ್ಕಳ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಯಿಸಿ ಮನೆಗೆ ಕಳಿಸಬೇಕು. ಮೇಲೆ "ನಮ್ಮ ಮನೆಯ ಫೋನಿನ ಕಟ್ಟುಪಾಡು", ಕೆಳಗೆ ಐದು ಸಾಲು. ಮೂರು ಸಾಲು ಮಗು ಪಾಲಿಸುವುದು, ಎರಡು ಸಾಲು ದೊಡ್ಡವರು ಪಾಲಿಸುವುದು. ದೊಡ್ಡವರ ಎರಡು ಸಾಲನ್ನು ಮಗುವೇ ಆರಿಸಲಿ. "ಊಟ ಮಾಡುವಾಗ ಫೋನ್ ನೋಡಬಾರದು", "ನನ್ನ ಫೋಟೋ ಸ್ಟೇಟಸ್‌ಗೆ ಹಾಕುವ ಮುಂಚೆ ನನ್ನನ್ನು ಕೇಳಬೇಕು" ಎಂಬಂಥ ಸಾಲುಗಳು ಬರುತ್ತವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ಅದಕ್ಕೆ ಶಾಲೆಯಿಂದಲೇ ಇಂಕ್ ಪ್ಯಾಡ್ ಕಳಿಸಿ. ಮೊದಲ ವಾರ ಅರ್ಧ ಹಾಳೆಗಳೂ ವಾಪಸ್ ಬಾರದಿದ್ದರೆ ಮಕ್ಕಳನ್ನು ಗದರಬೇಡಿ. ಹಾಳೆ ಬಾರದ ಮನೆಗಳ ಪಟ್ಟಿ ಮಾಡಿಕೊಂಡು, ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಸದಸ್ಯರಲ್ಲಿ ಆ ಕೇರಿಯವರು ಯಾರೋ ಅವರ ಜೊತೆ ಒಂದು ಸಂಜೆ ಹೋಗಿ ಬನ್ನಿ. ಫೋನು ಮನೆಗೆ ಬರುವ ಹೊತ್ತಿಗೆ ಹೋಗಬೇಕು, ಏಳರ ಮೇಲೆ. ಆ್ಯಪ್ ಪಿನ್ನಿಂಗನ್ನು ಅವರ ಫೋನಿನಲ್ಲೇ ಹಾಕಿಕೊಟ್ಟು, ಬಿಡಿಸುವುದನ್ನು ಅಜ್ಜಿಗೂ ಒಂದು ಸಲ ಮಾಡಿಸಿ ಬನ್ನಿ.